ತಾತನ ಅಲಿ, ಮೊಮ್ಮಗನ ಟೈಸನ್

ಪ್ರತಿ ಸಂಚಿಕೆಯೂ ಸದಸ್ಯರ ಮನೆ ಸೇರಿದ ಮೇಲೆ ನಮಗೆ ಬರುವ ಕಾಗದಗಳು ಸಾಮಾನ್ಯವಾಗಿ ಎರಡು ಬಗೆಯವು. ಪ್ರತಿ ತಲುಪಲಿಲ್ಲವೆಂಬುದು ಒಂದು. ಪ್ರತಿ ತಲುಪಿತು, ಆದರೆ ರಾಜ್ಯೋತ್ಸವದಲ್ಲಿ ಹಾಡಿದ ನಮ್ಮ ಹುಡುಗಿಯ ಚಿತ್ರವೇಕೆ ಅಚ್ಚಾಗಲಿಲ್ಲವೆಂಬುದು ಇನ್ನೊಂದು. ಈ ಸಲ ಮೂರನೆಯ ಬಗೆಯ ಕಾಗದವೊಂದು ಬಂದು ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ.

ಮಾಂಬಲದ ಸೋದರಿಯೊಬ್ಬರು ಬರೆದಿರುವುದರ ಸಾರಾಂಶ ಇಷ್ಟು. ಅವರ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಮುಷ್ಟಿಯುದ್ಧ ಶುರುವಾಗುತ್ತದೆ. ಕೈಯಲ್ಲಲ್ಲ, ಬಾಯಲ್ಲಿ. ಅವರ ಮಾವನವರು ಮಹಮ್ಮದ್ ಅಲಿಯ ಪಕ್ಷ. ಹದಿನಾರು ವರ್ಷದ ಮಗ ಮೈಕ್ ಟೈಸನ್ನನ ಪಕ್ಷ. ಹೆವಿವೇಟ್ ಪಟ್ಟವೇರಿದ ಈ ಇಬ್ಬರು ಜಗಜಟ್ಟಿಗಳೂ ತಂತಮ್ಮ ಏರುಜವ್ವನದಲ್ಲಿ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವನು ಯಾರು? ಸಾರು ಆರಿಹೋಗುತ್ತದೆ, ಮಜ್ಜಿಗೆ ಹುಳಿಯಾಗುತ್ತದೆ, ವಾದ ಮಾತ್ರ ಮುಗಿಯುವುದಿಲ್ಲ. “ನೀವೇ ಒಂದು ತೀರ್ಪು ಬರೆದು ಅಚ್ಚುಹಾಕಿಸಿಬಿಡಿ, ನಮ್ಮ ಮನೆಯಲ್ಲಿ ಶಾಂತಿ ನೆಲೆಸಲಿ” ಎಂದು ಅವರ ಕೋರಿಕೆ.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ: ಈ ವಿದ್ಯೆಯಲ್ಲಿ ನಮ್ಮ ಅನುಭವ ಅಷ್ಟಕ್ಕಷ್ಟೆ. ಜೀವಮಾನದಲ್ಲಿ ನಾವು ಬಲವಾಗಿ ಗುದ್ದಿದ್ದೇನಾದರೂ ಇದ್ದರೆ ಅದು ಚಂದಾ ರಸೀತಿಗಳ ಮೇಲೆ ಸಂಘದ ಮೊಹರನ್ನು ಮಾತ್ರ. ಆದರೆ ನ್ಯಾಯ ಹೇಳಲು ಕೂತವನು ತಾನೇ ಕಾದಾಡಿರಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಆದ್ದರಿಂದ ಎರಡು ಕಡೆಯ ವಾದಗಳನ್ನೂ ತರಿಸಿಕೊಂಡು ಓದಿದೆವು.

ತಾತನವರ ಪಕ್ಷಕ್ಕೆ ಸಾಕ್ಷಿ ಅವರ ಕಣ್ಣುಗಳೇ. 1980ರಲ್ಲಿ ಅಲಿ ಮದರಾಸಿಗೆ ಬಂದು, ತನ್ನ ಹಳೆಯ ಜೊತೆಗಾರ ಜಿಮ್ಮಿ ಎಲ್ಲಿಸ್‌ನೊಡನೆ ನೆಹರೂ ಸ್ಟೇಡಿಯಮ್ಮಿನಲ್ಲಿ ಪ್ರದರ್ಶನ ಪಂದ್ಯ ಆಡಿದ. ಆಗ ಮದರಾಸಿನಲ್ಲಿ ಹೊಸದಾಗಿ ಬ್ಯಾಂಕಿನ ಕೆಲಸಕ್ಕೆ ಸೇರಿದ್ದ ನಮ್ಮ ತಾತನವರು ದೂರದ ಮೆಟ್ಟಿಲಿನ ಮೇಲೆ ನಿಂತು ಅವನನ್ನು ಕಣ್ತುಂಬ ನೋಡಿದರು. ಅಂದಿನಿಂದ ಅವರ ಮಟ್ಟಿಗೆ ಆ ಪ್ರಶ್ನೆ ಮುಗಿದಂತೆಯೇ. ಮೊಮ್ಮಗ ಬಿಡುತ್ತಾನೆಯೇ? “ತಾತ, ನೀವು ನೋಡಿದ್ದು ಮೂವತ್ತೆಂಟು ವರ್ಷದ ಅಲಿಯನ್ನ. ಅದೂ ಆಟದ ಪಂದ್ಯ.” ಅದಕ್ಕೆ ತಾತನವರ ಉತ್ತರ: “ನೀನು ಟೈಸನ್ನನ್ನ ನೋಡಿದ್ದೆಲ್ಲೋ ಮರಿ? ಅಂಗೈಯಗಲದ ಫೋನಿನಲ್ಲಿ!”

ಹುಡುಗನ ವಾದ ಲೆಕ್ಕದ ವಾದ. 1981ರ ಡಿಸೆಂಬರಿನಲ್ಲಿ ಬಹಾಮಾಸ್ ದ್ವೀಪದಲ್ಲಿ ಅಲಿಯನ್ನು ಕಡೆಯ ಬಾರಿ ಸೋಲಿಸಿದವನು ಟ್ರೆವರ್ ಬರ್ಬಿಕ್. ಅದೇ ಬರ್ಬಿಕ್ಕನನ್ನು 1986ರ ನವೆಂಬರಿನಲ್ಲಿ ಎರಡೇ ಸುತ್ತಿನಲ್ಲಿ ಉರುಳಿಸಿ, ಇಪ್ಪತ್ತರ ಹರೆಯದಲ್ಲಿ ಪಟ್ಟ ಏರಿದವನು ಟೈಸನ್. 1980ರ ಅಕ್ಟೋಬರಿನಲ್ಲಿ ಅಲಿಯನ್ನು ಸದೆಬಡಿದವನು ಲ್ಯಾರಿ ಹೋಮ್ಸ್. ಅದೇ ಹೋಮ್ಸನನ್ನು 1988ರ ಜನವರಿಯಲ್ಲಿ ನಾಲ್ಕನೆಯ ಸುತ್ತಿನಲ್ಲಿ ನೆಲಕ್ಕೆ ಕೆಡಹಿದವನು ಟೈಸನ್. ಅಲಿ ಇವರಿಗೆ ಸೋತ, ಇವರು ಟೈಸನ್ನನಿಗೆ ಸೋತರು, ಇನ್ನು ಉಳಿದದ್ದೇನು?

ಕೇಳುವುದಕ್ಕೆ ಪೈಸಲ್ ಆದಂತೆಯೇ ಇದೆ. ಆದರೆ ತಕ್ಕಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೋಮ್ಸನಿಗೆ ಸೋತಾಗ ಅಲಿಗೆ 38 ವರ್ಷ. ಟೈಸನ್ನನಿಗೆ ಸೋತಾಗ ಹೋಮ್ಸನಿಗೂ 38 ವರ್ಷ! ಬರ್ಬಿಕ್ಕನ ಮುಂದೆ ನಿಂತಾಗ ಅಲಿಗೆ 39. ಈ ಲೆಕ್ಕದಿಂದ ಸಿದ್ಧವಾಗುವುದು ಒಂದೇ: ಮೂವತ್ತೆಂಟರವನು ಇಪ್ಪತ್ತೊಂದು ಮೂವತ್ತರ ವಯಸ್ಸಿನವರೊಡನೆ ಸೆಣಸಬಾರದು. ಇದನ್ನು ಹೇಳಲು ಮುಷ್ಟಿಯುದ್ಧವೇ ಬೇಕಾಗಿಲ್ಲ. ನಮ್ಮ ಸಂಘದ ವಾರ್ಷಿಕ ಕ್ರೀಡಾದಿನದಂದು ಹಗ್ಗಜಗ್ಗಾಟ ನೋಡಿದವರಿಗೆಲ್ಲ ಗೊತ್ತು.

ಅದಕ್ಕೇ “ಏರುಜವ್ವನದಲ್ಲಿ” ಎಂಬ ಷರತ್ತು ಇದೆಯಲ್ಲ ಎನ್ನಬಹುದು. ಒಪ್ಪೋಣ. ಹಾಗಾದರೆ ಯಾವ ಅಲಿ? ತಿಳಿದವರನೇಕರು 1966ರ ನವೆಂಬರ್ 14ರ ಅಲಿಯನ್ನು ಬೊಟ್ಟುಮಾಡಿ ತೋರಿಸುತ್ತಾರೆ. ಅಂದು ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸನನ್ನು ಮೂರು ಸುತ್ತಿನೊಳಗೆ ಮುಗಿಸಿದ. ಆಗ ಅವನಿಗೆ 24 ವರ್ಷ. ಮರುವರ್ಷವೇ ವಿಯೆಟ್ನಾಮ್ ಯುದ್ಧಕ್ಕೆ ಸೈನಿಕನಾಗಿ ಹೋಗುವುದಿಲ್ಲವೆಂದದ್ದಕ್ಕೆ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಂಡರು. 1967ರ ಮಾರ್ಚಿನಿಂದ 1970ರ ಅಕ್ಟೋಬರಿನವರೆಗೆ ಒಂದು ಪಂದ್ಯವೂ ಇಲ್ಲ. ಕಾಲು, ಕಣ್ಣು, ಕೈ ಮೂರೂ ಒಂದಾಗಿ ದುಡಿಯುವ ಇಪ್ಪತ್ತೈದರಿಂದ ಇಪ್ಪತ್ತೆಂಟರ ಅಲಿಯನ್ನು ಯಾರೂ ಕಣದಲ್ಲಿ ಕಾಣಲೇ ಇಲ್ಲ. ತಾತನವರು ಹೂಡುವ ಪಂದ್ಯಕ್ಕೆ ಇಳಿಯಬೇಕಾದವನು, ಪ್ರಾಯಶಃ, ಆ ಕಾಣದ ಅಲಿಯೇ.

ಟೈಸನ್ನನ ಉಚ್ಛ್ರಾಯವೆಂದರೆ 1988ರ ಜೂನ್ 27. ಅಟ್ಲಾಂಟಿಕ್ ಸಿಟಿಯಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಮೈಕೆಲ್ ಸ್ಪಿಂಕ್ಸನನ್ನು 91 ಸೆಕೆಂಡುಗಳಲ್ಲಿ ಮಲಗಿಸಿದ ರಾತ್ರಿ. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1990ರ ಫೆಬ್ರವರಿಯಲ್ಲಿ, ಟೋಕಿಯೋದಲ್ಲಿ ಜೇಮ್ಸ್ ಡಗ್ಲಸ್ ಎಂಬವನು ಅವನನ್ನು ಹತ್ತನೆಯ ಸುತ್ತಿನಲ್ಲಿ ಕೆಡಹಿದ. ಬಾಜಿ ಕಟ್ಟುವವರು ಡಗ್ಲಸನಿಗೆ ಕೊಟ್ಟಿದ್ದ ದರ ಒಂದಕ್ಕೆ ನಲವತ್ತೆರಡು. ಟೈಸನ್ನನಿಗೆ ಆಗ ಇನ್ನೂ ಇಪ್ಪತ್ತಮೂರು ವರ್ಷ. ಆ ಪಂದ್ಯ ನಡೆಯದೆ ಬರಿಯ ಊಟದ ಮಣೆಯ ಮೇಲಿನ ಮಾತಾಗಿಯೇ ಉಳಿದಿದ್ದರೆ, ಡಗ್ಲಸನ ಪಕ್ಷ ವಹಿಸಿದವನನ್ನು ಮನೆಮಂದಿಯೆಲ್ಲ ನಗಾಡುತ್ತಿದ್ದರು.

ಗುದ್ದಾಟದ ಲೆಕ್ಕ ಕೂಡುವ ಕಳೆಯುವ ಲೆಕ್ಕವಲ್ಲವೆಂಬುದಕ್ಕೆ ಇನ್ನೊಂದು ದೃಷ್ಟಾಂತ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್ಮನ್ ಅದೇ ಫ್ರೇಜಿಯರನ್ನು ಎರಡು ಸುತ್ತಿನೊಳಗೆ ಆರು ಸಲ ನೆಲಕ್ಕೆ ಹಾಕಿದ. ಹಾಗಾದರೆ ಫೋರ್ಮನ್ನನ ಮುಂದೆ ಅಲಿ ಏನಾಗಬೇಕು? 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ, ಫೋರ್ಮನ್ನನನ್ನು ಹೊಡೆಹೊಡೆದೇ ದಣಿಯಲು ಬಿಟ್ಟು, ಎಂಟನೆಯ ಸುತ್ತಿನಲ್ಲಿ ಕೆಡಹಿದ. ಒಬ್ಬನ ವರಸೆಗೆ ಇನ್ನೊಬ್ಬನ ವರಸೆ ಹೊಂದಿಕೊಂಡಿತೇ, ಎದುರುಬಿತ್ತೇ ಎಂಬುದೇ ಮುಖ್ಯ. ಇಲ್ಲಿ ಏಣಿಯಿಲ್ಲ, ಸುತ್ತಿ ಸುತ್ತಿ ಬರುವ ಗಾಣವಿದೆ.

ಇನ್ನು ಪಂದ್ಯ ಎಷ್ಟು ಸುತ್ತು? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಅಲಿಯ ಕಾಲದಲ್ಲಿ ಪಟ್ಟದ ಪಂದ್ಯಕ್ಕೆ 15 ಸುತ್ತು. 1982ರ ನವೆಂಬರಿನಲ್ಲಿ ಕೊರಿಯಾದ ಹಗುರ ತೂಕದ ಬಾಕ್ಸರ್ ಕಿಮ್ ಡುಕ್ ಕೂ 14ನೆಯ ಸುತ್ತಿನಲ್ಲಿ ಗುದ್ದಿಗೆ ಉರುಳಿಬಿದ್ದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಸಾವಿನ ತರುವಾಯ ಸುತ್ತುಗಳನ್ನು ಮೆಲ್ಲಮೆಲ್ಲನೆ ಹನ್ನೆರಡಕ್ಕೆ ಇಳಿಸಿದರು. ಈ ಹೊಸ ಕಟ್ಟಳೆಯನ್ನು ಹಳೆಯ ಪಂದ್ಯಗಳಿಗೆ ಹಚ್ಚಿ ನೋಡಿ. 1941ರಲ್ಲಿ ಜೋ ಲೂಯಿಸನ ಎದುರು 12 ಸುತ್ತು ಮುಗಿದಾಗ ಮುಂದಿದ್ದವನು ಬಿಲ್ಲಿ ಕಾನ್. 13ನೆಯದರಲ್ಲಿ ಲೂಯಿಸ್ ಅವನನ್ನು ಕೆಡಹಿದ. 1952ರಲ್ಲಿ ರಾಕಿ ಮಾರ್ಸಿಯಾನೋ 12 ಸುತ್ತುಗಳ ಕೊನೆಗೆ ಮೂವರು ತೀರ್ಪುಗಾರರ ಎಣಿಕೆಯಲ್ಲೂ ಜೆರ್ಸಿ ಜೋ ವಾಲ್ಕಾಟನಿಗಿಂತ ಹಿಂದಿದ್ದ; ಅವನೂ ಗೆದ್ದದ್ದು 13ನೆಯ ಸುತ್ತಿನ ಒಂದೇ ಬಲಗೈ ಗುದ್ದಿನಿಂದ. ಇಂದಿನ ಕಟ್ಟಳೆ ಇದ್ದಿದ್ದರೆ ಲೂಯಿಸ್ ಆ ರಾತ್ರಿ ಪಟ್ಟ ಕಳೆದುಕೊಳ್ಳುತ್ತಿದ್ದ, ಮಾರ್ಸಿಯಾನೋ ಪಡೆಯುತ್ತಲೇ ಇರಲಿಲ್ಲ. 49 ಪಂದ್ಯ, 49 ಗೆಲುವು ಎಂಬ ಅವನ ಹೆಸರಾದ ಲೆಕ್ಕಕ್ಕೂ ಕುಂದು ಬರುತ್ತಿತ್ತು. ಮಾಂಬಲದ ಪಂದ್ಯಕ್ಕೆ ಸುತ್ತು ಹನ್ನೆರಡೋ ಹದಿನೈದೋ ಎಂದು ತಾತ ಮೊಮ್ಮಗ ಇನ್ನೂ ಗೊತ್ತುಮಾಡಿಲ್ಲವೆಂದು ತಿಳಿದುಬಂದಿದೆ.

ಯಂತ್ರವನ್ನೇ ಕೇಳಿದರಾಗದೇ ಎಂದು ಇಂದಿನ ಹುಡುಗರು ಕೇಳುತ್ತಾರೆ. ಕೇಳಿದ್ದಾಗಿದೆ. 1967ರಲ್ಲಿ ಅಮೆರಿಕದ ರೇಡಿಯೋ ನಿರ್ಮಾಪಕ ಮರ್ರೆ ವೊರೋನರ್ ಹದಿನಾರು ಮಂದಿ ಜಗಜಟ್ಟಿಗಳ ವಿವರಗಳನ್ನು ಕಂಪ್ಯೂಟರಿಗೆ ಉಣ್ಣಿಸಿ ಪಂದ್ಯಾವಳಿಯನ್ನೇ ನಡೆಸಿದ. ಗೆದ್ದವನು ಮಾರ್ಸಿಯಾನೋ. ಅಲಿಯನ್ನು ಯಂತ್ರ ಹಳೆಯ ಕಾಲದ ಜೇಮ್ಸ್ ಜೆಫ್ರೀಸನಿಗೆ ಸೋಲಿಸಿತು. ಅಲಿ ಸಿಟ್ಟಾಗಿ ಹತ್ತು ಲಕ್ಷ ಡಾಲರಿಗೆ ದಾವೆ ಹೂಡಿದ. ರಾಜಿಯಾಗಿ, 1969ರಲ್ಲಿ ಅಲಿಯೂ ಮಾರ್ಸಿಯಾನೋನೂ ಕ್ಯಾಮೆರಾದ ಮುಂದೆ ಗುದ್ದಾಟವನ್ನು ಅಭಿನಯಿಸಿದರು. ನಿವೃತ್ತನಾಗಿ ಹದಿಮೂರು ವರ್ಷವಾಗಿದ್ದ ಮಾರ್ಸಿಯಾನೋ ಮೈ ಇಳಿಸಿ, ಬೋಳುತಲೆಗೆ ಕೃತಕ ಕೂದಲು ಇಟ್ಟುಕೊಂಡು ಬಂದ. ಹಲವು ಬಗೆಯ ಮುಕ್ತಾಯಗಳನ್ನು ಚಿತ್ರಿಸಿದರು. ಫಲಿತಾಂಶ ಇಬ್ಬರಿಗೂ ಗೊತ್ತಿರಲಿಲ್ಲ. 1970ರ ಜನವರಿಯಲ್ಲಿ ಚಿತ್ರ ತೆರೆಗೆ ಬಂದಾಗ ಅಮೆರಿಕದಲ್ಲಿ 13ನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದ. ಯೂರೋಪಿಗೆ ಅಲಿ ಗೆದ್ದ ರೀಲು ಹೋಯಿತು. ಯಂತ್ರಕ್ಕೂ ಗಿರಾಕಿಯ ಮುಖ ನೋಡಿ ಮಾತಾಡುವುದು ಆಗಲೇ ಗೊತ್ತಿತ್ತೆಂದು ಕಾಣುತ್ತದೆ. ಪಾಪ, ಮಾರ್ಸಿಯಾನೋ ಆ ಚಿತ್ರವನ್ನು ನೋಡಲೇ ಇಲ್ಲ. 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ.

ಅವನ ಬದುಕಿನಲ್ಲಿ ನಿಜವಾಗಿಯೇ ನಡೆದ ಒಂದು ಪಂದ್ಯವನ್ನು ಹೇಳಿ ಮುಗಿಸುತ್ತೇವೆ. ಲೂಯಿಸ್ ಮತ್ತು ಮಾರ್ಸಿಯಾನೋ ಕಾದಾಡಿದ್ದರೆ ಎಂದು ಯಾರೂ ಊಹಿಸಬೇಕಾಗಿಲ್ಲ. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಲ್ಲಿ ಕಾದಾಡಿದರು. ಹನ್ನೊಂದು ವರ್ಷ ಪಟ್ಟದಲ್ಲಿ ಕುಳಿತು 25 ಸಲ ಅದನ್ನು ಕಾಪಾಡಿಕೊಂಡಿದ್ದ ಲೂಯಿಸ್, ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯ ಸಾಲ ಕುತ್ತಿಗೆಗೆ ಬಂದು, ಮೂವತ್ತೇಳರ ವಯಸ್ಸಿನಲ್ಲಿ ಕಣಕ್ಕಿಳಿದಿದ್ದ. ಎಂಟನೆಯ ಸುತ್ತಿನಲ್ಲಿ ಮಾರ್ಸಿಯಾನೋ ಅವನನ್ನು ಹಗ್ಗದ ಆಚೆಗೆ ಉರುಳಿಸಿದ. ಆಮೇಲೆ ಗೆದ್ದವನು ಸೋತವನ ಕೋಣೆಗೆ ಹೋಗಿ ಅತ್ತನಂತೆ. ಚಿಕ್ಕಂದಿನಿಂದ ಅವನ ಆರಾಧ್ಯದೈವ ಆ ಲೂಯಿಸನೇ. ಪಂದ್ಯ ನಡೆದೂ ವಾದ ತೀರಲಿಲ್ಲ. 1938ರ ಲೂಯಿಸ್ ಇದ್ದಿದ್ದರೆ ಎಂದು ಜನ ಇಂದಿಗೂ ಜಗಳವಾಡುತ್ತಾರೆ.

ಹೀಗೆಲ್ಲ ತೂಗಿನೋಡಿ ನಾವು ಒಂದು ತೀರ್ಪನ್ನು ಬರೆದೇ ಇಟ್ಟಿದ್ದೆವು. ಅಚ್ಚಿಗೆ ಕೊಡುವ ಮುನ್ನ ಆ ಸೋದರಿಗೆ ಫೋನು ಮಾಡಿ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದೆವು. ಮಾತಿನ ನಡುವೆ ಅವರು ಹೇಳಿದರು: ಹುಡುಗನಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು, ಅಮ್ಮ ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ತಾತನವರು ಮಾತ್ರ ಬೇರೆ ಭಾಷೆಯಲ್ಲಿ ಹೂಡಿದ ವಾದವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆದ್ದರಿಂದ ಟೈಸನ್ನನಿಗಾಗಿ ಅವನು ಕನ್ನಡ ಆಡಲೇಬೇಕು. ಒಂದು ರಾತ್ರಿ ತಾತ “ಅಲಿ ಅವನಿಗೆ ಮಣ್ಣು ಮುಕ್ಕಿಸುತ್ತಿದ್ದ” ಎಂದರಂತೆ. ಹುಡುಗ ಹಾಗೆಂದರೇನೆಂದು ಕೇಳಿ ತಿಳಿದುಕೊಂಡ. ಮರುದಿನ ಊಟಕ್ಕೆ ಕೂತವನೇ, “ತಾತ, ಇವತ್ತು ನಿಮ್ಮ ಅಲಿಗೆ ಮಣ್ಣು ಮುಕ್ಕಿಸ್ತೀನಿ” ಎಂದ. ತಾತನವರು ಅಂದು ಎರಡು ತುತ್ತು ಹೆಚ್ಚಾಗಿಯೇ ಉಂಡರಂತೆ.

ಇದನ್ನು ಕೇಳಿದ ಮೇಲೆ ನಾವು ಬರೆದಿಟ್ಟಿದ್ದ ತೀರ್ಪನ್ನು ಮಡಿಸಿ ಮೇಜಿನ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದ್ದೇವೆ. ಪಂದ್ಯ ಎಷ್ಟು ಸುತ್ತಿನದು, ಯಾವ ವರ್ಷದ ಅಲಿ, ಯಾವ ವರ್ಷದ ಟೈಸನ್ ಎಂಬುದನ್ನು ಉಭಯ ಪಕ್ಷದವರೂ ಕೂತು ಮಾತಾಡಿ ಮೊದಲು ಗೊತ್ತುಮಾಡಲಿ. ಅಲ್ಲಿಯವರೆಗೆ ವ್ಯಾಜ್ಯವನ್ನು ಮುಂದೂಡಲಾಗಿದೆ.

ಸಾರನ್ನು ಮತ್ತೊಮ್ಮೆ ಬಿಸಿಮಾಡಿಕೊಳ್ಳಬೇಕೆಂದು ಆ ಸೋದರಿಯಲ್ಲಿ ನಮ್ಮ ಬಿನ್ನಹ.