ಬಾಯಿ ಬಿಡದ ಇಂಗ್ಲಿಷು

ಜೂನ್ ತಿಂಗಳು ಬಂತೆಂದರೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ: ಮಗುವನ್ನು ಯಾವ ಮೀಡಿಯಮ್ಮಿಗೆ ಸೇರಿಸುವುದು? ಈಚೆಗೆ ಉತ್ತರವೂ ಒಂದೇ ಆಗುತ್ತಿದೆ. "ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ ಮಾರಾಯ್ರೆ!" ನವೆಂಬರ್ ಒಂದರಂದು ವೇದಿಕೆಯಲ್ಲಿ ಗುಡುಗುವವರ ಮನೆಯ ಮಕ್ಕಳೂ ಜೂನಿನಲ್ಲಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾರೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯೇ ಹೋಗುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಹಿರಿಯರು ಹೋರಾಡಿ ಉಳಿಸಿದ ಕನ್ನಡ ತರಗತಿಗಳನ್ನು ಯಾರೂ ಬಂದು ಕಸಿಯಬೇಕಾಗಿಲ್ಲ. ನಾವೇ ಕೈಯಾರೆ ಖಾಲಿ ಮಾಡುತ್ತಿದ್ದೇವೆ.

ಆದರೆ ನಾವು ಕೊಡುವ ಕಾರಣವಾದರೂ ನಿಜವೆ?

ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಇದನ್ನು ಪರೀಕ್ಷಿಸುವ ಅವಕಾಶ ದಿನವೂ ಸಿಗುತ್ತದೆ. ಶಿಕ್ಷಣ ಸಾಲ ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಫಾರಂ ತುಂಬಿಸಿದರೆ ಅಕ್ಷರ ಮುತ್ತಿನ ಹಾಗೆ. ಹೊರರಾಜ್ಯದಿಂದ ಬಂದ ಮ್ಯಾನೇಜರು "ಯಾವ ಕೋರ್ಸು, ಎಷ್ಟು ವರ್ಷ?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಮುಖ ನನ್ನ ಕಡೆಗೆ ತಿರುಗುತ್ತದೆ. ಇವರಲ್ಲಿ ಕನ್ನಡ ಮೀಡಿಯಮ್ಮಿನವರಿದ್ದಾರೆ, ಮಲಯಾಳಂ ಮೀಡಿಯಮ್ಮಿನವರಿದ್ದಾರೆ, ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಮ್ಮಿನ ಬೆಂಚು ಸವೆಸಿದವರೂ ಇದ್ದಾರೆ. ಮಲಯಾಳಿ ಸ್ನೇಹಿತರೇ, ಇದು ನಿಮ್ಮ ಮನೆಯ ಕಥೆಯೂ ಹೌದು.

ಲೆಕ್ಕ ಮಾಡುವುದು ನನ್ನ ಕಸುಬು, ಒಂದು ಲೆಕ್ಕ ಹೇಳುತ್ತೇನೆ. ಪೀರಿಯಡ್ 40 ನಿಮಿಷದ್ದು, ತರಗತಿಯಲ್ಲಿ 30 ಮಕ್ಕಳು ಎಂದಿಟ್ಟುಕೊಳ್ಳಿ. ಅರ್ಧ ಹೊತ್ತು ಅಧ್ಯಾಪಕರ ಪಾಠಕ್ಕೆ ಹೋದರೆ ಉಳಿಯುವುದು 20 ನಿಮಿಷ. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ಒಂದು ಮಗುವಿನ ಪಾಲಿಗೆ ಬರುವುದು 40 ಸೆಕೆಂಡು. ಅದೇ 20 ನಿಮಿಷ ಮಕ್ಕಳನ್ನು ಇಬ್ಬಿಬ್ಬರನ್ನಾಗಿ ಕೂರಿಸಿ ಮಾತಾಡಬಿಟ್ಟರೆ ಪ್ರತಿಯೊಬ್ಬನಿಗೂ 10 ನಿಮಿಷ! ಇದಕ್ಕೆ ಹೊಸ ಕಟ್ಟಡ ಬೇಡ, ಡೊನೇಶನ್ ಬೇಡ, ಟೈ ಬೇಡ. ಆದರೆ ಮಾಡುವವರು ಎಷ್ಟು ಮಂದಿ? ಎಸ್ಸೆಸ್ಸೆಲ್ಸಿ ಪಬ್ಲಿಕ್ ಪರೀಕ್ಷೆಯಲ್ಲಿ ಇಂಗ್ಲಿಷನ್ನು ಅಳೆಯುವುದು ಬರವಣಿಗೆಯಿಂದ. ಹಾಗಾಗಿ ತರಗತಿಯಲ್ಲಿ ನಡೆಯುವುದೂ ಬರವಣಿಗೆಯೇ. ನೀರಿಗೆ ಇಳಿಸದೆ ಈಜಿನ ನೋಟ್ಸು ಬರೆಯಿಸಿದ ಹಾಗೆ.

ಇನ್ನೊಂದು ರೋಗ ನಾಚಿಕೆ. ಮಗು "ಯಸ್ಟರ್‌ಡೇ ಐ ಗೋ ಟು ಕುಂಬಳೆ" ಎಂದಿತೆನ್ನಿ. ತರಗತಿ ಗೊಳ್ಳೆಂದು ನಗುತ್ತದೆ, ಅಧ್ಯಾಪಕರು ಅರ್ಧದಲ್ಲೇ ತಡೆದು "ವೆಂಟ್, ವೆಂಟ್" ಎನ್ನುತ್ತಾರೆ. ಕುಂಬಳೆಯಲ್ಲಿ ಏನು ನಡೆಯಿತೆಂದು ಯಾರೂ ಕೇಳುವುದಿಲ್ಲ. ಆ ಮಗು ಇನ್ನು ಬಾಯಿ ಬಿಟ್ಟೀತೆ? ಮಾತು ಮುಗಿಯಲಿ, ತಪ್ಪನ್ನು ಆಮೇಲೆ ತಿದ್ದೋಣ.

ಭಾಷೆ ಕಲಿಯುವ ಬಗೆಯನ್ನು ನಮಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. ತುಳು, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಬ್ಯಾರಿ ಮಾತಾಡುವ ಮನೆಗಳ ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಬಸ್ಸಿನಲ್ಲೂ ಪೇಟೆಯಲ್ಲೂ ವ್ಯಾಕರಣ ಪುಸ್ತಕ ತೆರೆಯದೆಯೇ ಮಲಯಾಳಂ ಕಲಿಯುತ್ತಾರೆ. ಎರಡನ್ನೂ ಮಾತಾಡಿಯೇ ಕಲಿತದ್ದು. ತಾಳಮದ್ದಳೆಯನ್ನು ನೋಡಿ. ಮನೆಯಲ್ಲಿ ತುಳು ಮಾತಾಡುವವರು ವೇದಿಕೆಯಲ್ಲಿ ಕೂತು, ಭಾಗವತರ ಪದ ಮುಗಿಯುತ್ತಲೇ, ಬರೆದ ಚೀಟಿಯಿಲ್ಲದೆ ಗ್ರಂಥಸ್ಥ ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಎದುರಾಳಿಯ ಪ್ರಶ್ನೆಗೆ ಅಲ್ಲೇ ಉತ್ತರ ಕೊಡುತ್ತಾರೆ. ಆ ಕನ್ನಡ ಯಾರ ಮನೆಯ ಮಾತೂ ಅಲ್ಲ. ಪ್ರಸಂಗ ಮೊದಲೇ ಗೊತ್ತು, ಮಾತು ಮಾತ್ರ ಸ್ವಂತದ್ದು. ಇಂಗ್ಲಿಷ್ ಪಾಠದ ಕಥೆಯನ್ನೂ ಹೀಗೆಯೇ ಇಬ್ಬರು ಮಕ್ಕಳ ನಡುವೆ ಇಟ್ಟು ವಾದಕ್ಕೆ ಬಿಟ್ಟರೆ ಏನು ನಷ್ಟ? ಪಾರ್ತಿಸುಬ್ಬನ ನಾಡಿನ ಮಕ್ಕಳಿಗೆ ಮಾತು ಕಲಿಸಲು ಬೇರೆ ಊರಿನ ಉಪಾಯ ಬೇಕೆ?

"ಇಂಗ್ಲಿಷ್ ಶಾಲೆಯಲ್ಲಿ ಅದರದ್ದೇ ವಾತಾವರಣ ಇರುತ್ತದಲ್ಲ?" ಎನ್ನುವವರಿದ್ದಾರೆ. ಅಧ್ಯಾಪಕರೂ ಮಕ್ಕಳೂ ನಿಜಕ್ಕೂ ಇಂಗ್ಲಿಷಿನಲ್ಲೇ ಮಾತಾಡುವ ಶಾಲೆಯಾದರೆ ಒಪ್ಪುತ್ತೇನೆ. ಆದರೆ ಸಮಾಜ ಪಾಠವನ್ನೂ ವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ಉರು ಹೊಡೆಸುವುದನ್ನು ವಾತಾವರಣವೆಂದು ಕರೆದರೆ ಒಪ್ಪಲಾರೆ. ಅಲ್ಲಿ ಮಗುವಿಗೆ ಇಂಗ್ಲಿಷೂ ಬರುವುದಿಲ್ಲ, ವಿಷಯವೂ ತಿಳಿಯುವುದಿಲ್ಲ, ಕನ್ನಡ ಅಕ್ಷರವಂತೂ ಮರೆತೇ ಹೋಗುತ್ತದೆ. ಅಜ್ಜಿಗೆ ಬಂದ ಮದುವೆ ಕಾಗದವನ್ನು ಓದಿ ಹೇಳಲಾರದ ಮೊಮ್ಮಕ್ಕಳು ನಮ್ಮ ಮನೆಗಳಲ್ಲಿ ಆಗಲೇ ಬೆಳೆದಿದ್ದಾರೆ.

ಸರಕಾರಕ್ಕೂ ಒಂದು ಮಾತು. ಕನ್ನಡ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ಕಳುಹಿಸುವುದರ ವಿರುದ್ಧ ನಾವು ಎಷ್ಟೋ ಸಲ ಬೀದಿಗಿಳಿದಿದ್ದೇವೆ. ಇಂಗ್ಲಿಷ್ ಪಾಠಕ್ಕೂ ಅದೇ ನ್ಯಾಯ. ಮಗು ತನ್ನ ಸಂಶಯವನ್ನು ತನ್ನ ಭಾಷೆಯಲ್ಲಿ ಕೇಳುವಂತಿಲ್ಲದಿದ್ದರೆ ಕೇಳುವುದನ್ನೇ ಬಿಡುತ್ತದೆ. ಇದು ಮಲಯಾಳಂ ಮೇಲಿನ ದ್ವೇಷವಲ್ಲ. ಮಲಯಾಳಿ ಮಗುವಿಗೆ ಹೀಗಾದರೂ ಇದನ್ನೇ ಹೇಳುತ್ತಿದ್ದೆ. ಆಟ, ನಾಟಕ, ಸಂಭಾಷಣೆಗಳ ಮೂಲಕ ಇಂಗ್ಲಿಷ್ ಕಲಿಸಲೆಂದು 2016ರಲ್ಲಿ 'ಹಲೋ ಇಂಗ್ಲಿಷ್' ಯೋಜನೆಯನ್ನು ಆರಂಭಿಸಿದ್ದು ಸರಕಾರವೇ ಅಲ್ಲವೆ? ಅದು ನಿಮ್ಮೂರ ಕನ್ನಡ ತರಗತಿಗೆ ಎಷ್ಟರ ಮಟ್ಟಿಗೆ ತಲುಪಿದೆಯೆಂದು ಹೋಗಿ ಕೇಳಿ.

ಹೆತ್ತವರೇ, ಮುಂದಿನ ಪಿ.ಟಿ.ಎ. ಸಭೆಯಲ್ಲಿ ಚಾ ಕುಡಿದು, ಸಹಿ ಹಾಕಿ ಎದ್ದು ಬರಬೇಡಿ. ದಿನಕ್ಕೆ ಹತ್ತು ನಿಮಿಷ ನಮ್ಮ ಮಕ್ಕಳು ತಾವೇ ಇಂಗ್ಲಿಷ್ ಮಾತಾಡಬೇಕು, ತಪ್ಪಿದರೆ ಯಾರೂ ನಗಬಾರದು, ಆಂತರಿಕ ಅಂಕದಲ್ಲಿ ಮಾತಿಗೂ ಪಾಲಿರಬೇಕು, ಕನ್ನಡ ಬಲ್ಲ ಅಧ್ಯಾಪಕರು ಬೇಕು ಎಂದು ಕೇಳಿ. ಹಲವು ಭಾಷೆಗಳನ್ನು ಬಲ್ಲ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕೂತು ಕನ್ನಡದಲ್ಲಿ ಬರೆದರು. ಒಂದು ಭಾಷೆ ಬರಬೇಕಾದರೆ ಇನ್ನೊಂದು ಹೋಗಲೇಬೇಕೆಂಬ ಲೆಕ್ಕ ಈ ಮಣ್ಣಿನದ್ದಲ್ಲ. ಇಂಗ್ಲಿಷನ್ನು ಕನ್ನಡ ಶಾಲೆಗೇ ಕರೆಸಿಕೊಳ್ಳೋಣ. ಅದಕ್ಕಾಗಿ ಮಕ್ಕಳನ್ನು ಕನ್ನಡದಿಂದ ಹೊರಗೆ ಕಳುಹಿಸುವುದು ಬೇಡ.