ಹಳದಿ ಅಂಗಿ ಬಿಚ್ಚಿಡು ಅನ್ನುವವರಿಗೆ

ಬೆಂಗಳೂರಿನ ಜೋಗುಪಾಳ್ಯದಿಂದ ಗೌತಮಪುರಕ್ಕೆ ಆಟೋ ಬೇಕಿಲ್ಲ, ನಡೆದೇ ಹೋಗಬಹುದು. ಅಲ್ಲಿ ಪೆಲೆಯ ಪ್ರತಿಮೆಯಿದೆ. ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಗಲ್ಲಿ ತುಂಬ ಬ್ರೆಜಿಲ್ ಬಾವುಟ. ಆ ಗಾಳಿ ನಮ್ಮ ಬೀದಿಗೂ ಬೀಸಿ, ನನ್ನಂಥ ಐವತ್ತು ದಾಟಿದವರೂ ಹಳದಿ ಜೆರ್ಸಿ ಏರಿಸಿಕೊಂಡು ಹಾಲು ತರಲು ಹೋಗುತ್ತೇವೆ. ಇದನ್ನು ಕಂಡರಾಗದವರೂ ಇದ್ದಾರೆ. ಟೀ ಅಂಗಡಿ ಮುಂದೆ ಅವರಿಗೆ ಉತ್ತರ ಕೊಡಲು ಹೋದರೆ, ಬೈಟೂ ಮುಗಿಯುವಷ್ಟರಲ್ಲಿ ಮಾತು ಕ್ರಿಕೆಟ್ಟಿಗೆ ಹೊರಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಮೊದಲ ಮಾತು: "ಯಾವುದೋ ದೇಶದ ಬಣ್ಣ, ನಿನಗ್ಯಾಕಯ್ಯ?" ನಮ್ಮ ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಕಲ್ಕತ್ತೆಗೆ ಹೋಗಿ ಹತ್ತು ವರ್ಷ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕೆಂಪು-ಬಂಗಾರದ ಅಂಗಿ ತೊಟ್ಟರು. ಅವರನ್ನೂ ಜೊತೆಯ ನಾಲ್ವರು ಮುನ್ಪಡೆ ಆಟಗಾರರನ್ನೂ ಅಲ್ಲಿನವರು ಪಂಚಪಾಂಡವರೆಂದು ಕರೆದರು. ಹೊರಗಿನವರ ಬಣ್ಣ ಹಾಕಿಕೊಂಡರೆಂದು ಅವರನ್ನು ಬೈಯುತ್ತೀರಾ? ಅಷ್ಟೇಕೆ, ಬ್ರೆಜಿಲ್‌ನ ಹಳದಿ ಅಂಗಿಯನ್ನು ರೂಪಿಸಿದ ಆಲ್ದಿರ್ ಶ್ಲೀ ಉರುಗ್ವೆ ಗಡಿಯ ಊರಿನವನು. ಅವನ ಒಲವು ಉರುಗ್ವೆ ತಂಡದ ಮೇಲಿತ್ತು!

ಎರಡನೆಯದು ಹುಡುಗರ ವಾದ: "ಅಂಕಲ್, ಟೀಮಿನ ಕಲರ್ ಯಾವತ್ತೂ ಮುಟ್ಟಬಾರದು." ಸ್ವಾಮಿ, ನೀವು ತೊಟ್ಟಿರುವ ಹಳದಿ ಹುಟ್ಟಿದ್ದೇ ಬದಲಾವಣೆಯಿಂದ. 1950ರ ವಿಶ್ವಕಪ್ಪಿನಲ್ಲಿ, ಮಾರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆಗೆ ಸೋತಾಗ ಬ್ರೆಜಿಲ್ ತೊಟ್ಟಿದ್ದು ಬಿಳಿ. ಆ ಸೋಲಿನ ಸೂತಕ ಬಿಳಿ ಅಂಗಿಗೂ ಅಂಟಿತು. 1953ರಲ್ಲಿ ರಿಯೊದ ಒಂದು ಪತ್ರಿಕೆ ಸ್ಪರ್ಧೆ ಇಟ್ಟಿತು, ಬಾವುಟದ ನಾಲ್ಕೂ ಬಣ್ಣ ಇರಬೇಕೆಂಬ ಷರತ್ತಿನೊಡನೆ. ಆಗಿನ್ನೂ ಇಪ್ಪತ್ತೂ ತುಂಬದ ಶ್ಲೀ ಗೆದ್ದ. 1954ರಲ್ಲಿ ತಂಡ ಹಳದಿ ತೊಟ್ಟಿತು. ಇನ್ನೂ ತಮಾಷೆ ಕೇಳಿ: 1958ರ ಫೈನಲ್‌ನಲ್ಲಿ ಎದುರಾಳಿ ಸ್ವೀಡನ್ನಿನದೂ ಹಳದಿಯೇ. ಹಾಗಾಗಿ ಬ್ರೆಜಿಲ್ ತನ್ನ ಮೊದಲ ವಿಶ್ವಕಪ್ಪನ್ನು ನೀಲಿ ಅಂಗಿಯಲ್ಲಿ, 5-2ರಿಂದ ಗೆದ್ದಿತು. ನಮ್ಮ ಪೆಲೆ ಅಂದು ಎರಡು ಗೋಲು ಹೊಡೆದದ್ದು ನೀಲಿಯಲ್ಲೇ.

ಹಾಗಂತ ಯಾರು ಬೇಕಾದರೂ ಬದಲಾಯಿಸಬಹುದೇ? ಇಲ್ಲ. 2012ರಲ್ಲಿ ಕಾರ್ಡಿಫ್ ಸಿಟಿ ಕ್ಲಬ್ಬಿನ ಮಾಲೀಕ ವಿನ್ಸೆಂಟ್ ಟಾನ್ ನೀಲಿ ತಂಡಕ್ಕೆ ಕೆಂಪು ತೊಡಿಸಿದ. ಅಭಿಮಾನಿಗಳು ಒಪ್ಪಲಿಲ್ಲ, 2015ರಲ್ಲಿ ನೀಲಿ ವಾಪಸ್ಸು ಬಂತು. ಬ್ರೆಜಿಲ್‌ನಲ್ಲಿ ಊರು ಕೇಳಿ ಬದಲಾಯಿತು, ಕಾರ್ಡಿಫ್‌ನಲ್ಲಿ ಯಜಮಾನ ಹೇಳಿ ಬದಲಾಯಿತು. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಮೂರನೆಯದು, "ನಮ್ಮ ಕಾಲದಲ್ಲಿ ಈ ಶೋಕಿ ಇರಲಿಲ್ಲ." ನಿಮ್ಮ ಅಪ್ಪಂದಿರ ಕಾಲದಲ್ಲಿ ಬೂಟೂ ಇರಲಿಲ್ಲವಲ್ಲ! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ವಿರುದ್ಧ ನಮ್ಮ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತ ನಂತರ ಬೂಟು ಕಡ್ಡಾಯವಾಯಿತು. ಅದನ್ನೂ ಶೋಕಿ ಅನ್ನುತ್ತೀರಾ? ಪ್ರತಿ ಸೀಸನ್ನಿಗೂ ಕಾಲರ್ ತಿರುಚಿ, ಗೆರೆ ಎಳೆದು ಹೊಸ ಜೆರ್ಸಿ ಮಾರುತ್ತಾರಲ್ಲ, ಅದು ಜೇಬು ಕತ್ತರಿಸುವ ಕೆಲಸ ಎಂಬುದರಲ್ಲಿ ಮಾತ್ರ ನಾನು ನಿಮ್ಮ ಪಕ್ಷ.

ಕೊನೆಯ ಕುಹಕ: "ಹಾಕಿರೋದು ಡೂಪ್ಲಿಕೇಟು, ಅಭಿಮಾನ ಮಾತ್ರ ಒರಿಜಿನಲ್ಲಾ?" ಹೌದು. ನನ್ನದು ಶಿವಾಜಿನಗರದ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಬೆನ್ನಿನ ಹತ್ತರಲ್ಲಿ ಸೊನ್ನೆ ಅರ್ಧ ಎದ್ದುಹೋಗಿದೆ, ಇಸ್ತ್ರಿಯವನು ತಿರುವುಮುರುವು ಮಾಡಿಯೇ ಉಜ್ಜುತ್ತಾನೆ. ಕಂಕುಳಲ್ಲಿ ಮನೆಯವಳು ಹಾಕಿದ ಹೊಲಿಗೆ ಹಸಿರು ದಾರದ್ದು. ಹಳದಿ ದಾರ ಮುಗಿದಿತ್ತಂತೆ. ಒರಿಜಿನಲ್ ಅಂಗಿಯ ದುಡ್ಡಿಗೆ ನಮ್ಮ ಬೀದಿಯ ಹತ್ತು ಹುಡುಗರಿಗೆ ಇಂಥ ಜೆರ್ಸಿ ಬರುತ್ತದೆ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ವಿಶ್ವಕಪ್‌ಗೆ ಅರ್ಜೆಂಟೀನಾದ ಅಂಗಿಯನ್ನೇ ಬೇಕಾದರೆ ಹಾಕಿಕೊಂಡು ಬನ್ನಿ. ಬೈಟೂ ನನ್ನ ಲೆಕ್ಕ.