ಎಣಿಸಬೇಕಾದುದು ತಲೆಗಳನ್ನು

ಹೈಕಮಾಂಡ್ ಟಿಕೆಟ್ ಹಂಚುವುದನ್ನೇ ಕಂಡ ನಮಗೆ, ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆಯನ್ನು ಮತದಾರರಿಗೇ ಬಿಟ್ಟ ಅಮೆರಿಕದ ಪದ್ಧತಿ ಅಸೂಯೆ ಹುಟ್ಟಿಸುತ್ತದೆ. ಆದರೆ ಅಲ್ಲಿಯೂ ಎಲ್ಲ ಮತಗಳ ತೂಕ ಒಂದೇ ಅಲ್ಲ.

2020ರ ಫೆಬ್ರುವರಿ 3ರಂದು ಅಯೋವಾದಲ್ಲಿ ನಡೆದ ಡೆಮಾಕ್ರಟಿಕ್ ಕಾಕಸ್ ಅನ್ನೇ ನೋಡಿ. ಅಲ್ಲಿ ಗುಪ್ತ ಮತದಾನವಿರಲಿಲ್ಲ. ಶಾಲೆಯಲ್ಲೋ ಚರ್ಚಿನಲ್ಲೋ ಸಂಜೆ ಸಭೆ ಸೇರಿ, ತಮ್ಮ ಅಭ್ಯರ್ಥಿಯ ಗುಂಪಿಗೆ ಹೋಗಿ ನಿಲ್ಲಬೇಕು. ಸಾಮಾನ್ಯವಾಗಿ ಶೇ 15ರಷ್ಟು ಬೆಂಬಲವಿಲ್ಲದ ಗುಂಪು ಚದುರಬೇಕು. ಆ ಹೊತ್ತಿನಲ್ಲಿ ಪಾಳಿಯ ಕೆಲಸದಲ್ಲಿರುವವರ ಪಾಡೇನು? ಅಂದು ಹೆಚ್ಚು ಜನ ಬೆಂಬಲಿಸಿದ್ದು ಬರ್ನಿ ಸ್ಯಾಂಡರ್ಸ್ ಅವರನ್ನು. ರಾಜ್ಯ ಪ್ರತಿನಿಧಿಗಳ ಲೆಕ್ಕದಲ್ಲಿ ಕೂದಲೆಳೆಯಷ್ಟು ಮುಂದಿದ್ದವರು ಮಾತ್ರ ಪೀಟ್ ಬುಟಿಜೆಜ್! ಪ್ರತಿ ಮತಗಟ್ಟೆಯ ಪಾಲು ಮೊದಲೇ ನಿಗದಿಯಾಗಿರುತ್ತದೆ. ನೂರು ಜನ ಬಂದರೂ ಐನೂರು ಜನ ಬಂದರೂ ಅದು ಹಿಗ್ಗದು. ಹೀಗಾಗಿ ಜನ ಕಿಕ್ಕಿರಿದ ಕಡೆ ಒಬ್ಬೊಬ್ಬರ ಮತ ಸವೆಯುತ್ತದೆ.

2024ರಲ್ಲಿ ಅಯೋವಾ ಡೆಮಾಕ್ರಟರು ಅಂಚೆ ಮೂಲಕ ಆಯ್ಕೆ ನಡೆಸಿದ್ದು ಸರಿಯಾದ ಹೆಜ್ಜೆ. ಪ್ರತಿನಿಧಿಗಳನ್ನು ಇಡೀ ರಾಜ್ಯದ ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕೆಂಬುದು ನನ್ನ ವಾದ.

ಆದರೂ ಕ್ಯಾಲೆಂಡರಿನ ಅನ್ಯಾಯ ಉಳಿದೇ ಇದೆ. ನಿಕ್ಕಿ ಹೇಲಿ 2024ರ ಮಾರ್ಚ್ 6ರಂದು ಕಣದಿಂದ ಹಿಂದೆ ಸರಿದಾಗ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಮತದಾರರು ಇನ್ನೂ ಮತಗಟ್ಟೆ ಕಂಡಿರಲಿಲ್ಲ. ನ್ಯೂಜೆರ್ಸಿಯವರ ಸರದಿ ಬಂದದ್ದು ಜೂನ್‌ನಲ್ಲಿ. ಅವರು ಆರಿಸಲು ಉಳಿದದ್ದೇನು? ದೇಶವನ್ನು ನಾಲ್ಕು ವಲಯಗಳಾಗಿಸಿ, ಮೊದಲು ಮತ ಹಾಕುವ ಅವಕಾಶವನ್ನು ಸರದಿಯಂತೆ ನೀಡುವ ಯೋಜನೆಯನ್ನು ರಾಜ್ಯ ಕಾರ್ಯದರ್ಶಿಗಳ ರಾಷ್ಟ್ರೀಯ ಸಂಘ ಬಹು ಹಿಂದೆಯೇ ಮುಂದಿಟ್ಟಿತ್ತು. ವಿಚಿತ್ರವೆಂದರೆ, ಅದರಲ್ಲೂ ಅಯೋವಾ ಮತ್ತು ನ್ಯೂ ಹ್ಯಾಂಪ್‌ಶೈರ್‌ಗೆ ವಿನಾಯಿತಿ! ಯೋಜನೆ ಒಪ್ಪತಕ್ಕದ್ದೇ; ಆ ವಿನಾಯಿತಿಯನ್ನು ಮೊದಲು ಕಿತ್ತುಹಾಕಬೇಕು.